ಕರಡಿಯ ಕಣ್ಣು

ಅಮ್ಮಾ,

ನೀನು ಗೊಂಬೆ ಕಾರ್ಖಾನೆಯಲ್ಲಿ ಕರಡಿಗಳಿಗೆ ಕಣ್ಣು ಹೊಲಿಯುತ್ತಿದ್ದೆಯಲ್ಲ, ಅಂಥದೇ ಬಟ್ಟೆಯ ಕರಡಿ ಬೇಕೆಂದು ನಿನ್ನ ಮೊಮ್ಮಗಳು ತಿಂಗಳುಗಟ್ಟಲೆ ನನ್ನ ತಲೆ ತಿಂದಳು. ತಂದುಕೊಟ್ಟೆ. ವಾರ ಕಳೆಯುವ ಮೊದಲೇ ಅದು ಮಂಚದಡಿ ಧೂಳು ಹಿಡಿದು ಬಿದ್ದಿತ್ತು.

"ಬೋರಾಯ್ತಪ್ಪ. ಅದು ಸುಮ್ನೆ ನೋಡ್ತಾನೇ ಇರುತ್ತೆ" ಎಂದಳು ಇವತ್ತು.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮಜ್ಜಿ ಜೀವ ತೇದು ಇವುಕ್ಕೆ ಕಣ್ಣು ಹೊಲಿದ್ಲು ಕಣೇ! ಎಲ್ಲಿ ಒಂದನ್ನ ಕದ್ದಾಳೋ ಅಂತ ಆ ಹಲ್ಕಟ್ ಮಾಲೀಕ ದಿನಾ ಗೇಟಲ್ಲಿ ಅವಳ ಚೀಲ ಕೊಡವಿಸ್ತಿದ್ದ. ನಮ್ಮನೆಗೆ ಒಂದು ಚಿಂದೀನೂ ಬರ್ಲಿಲ್ಲ!"

ಅವಳು ಕರಡಿಯನ್ನು ಎಳೆದು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು.

"ಹಾಗಾದ್ರೆ ನೀನೇ ಇಟ್ಕೋ. ನಿಂಗೇ ಬರ್ಬೇಕಿತ್ತಲ್ವಾ?"

ಇಟ್ಟುಕೊಂಡಿದ್ದೇನೆ, ಅಮ್ಮಾ. ಆದರೆ ಇದರ ಕಣ್ಣು ಹೊಲಿದವಳು ಬೇರೆ ಯಾರದೋ ಅಮ್ಮ. ಅವಳ ಚೀಲವನ್ನು ಇವತ್ತೂ ಯಾವನೋ ಕೊಡವಿಸಿರುತ್ತಾನೆ.