ನಡುಮನೆಯ ಮರದ ನೆಲ

ಅಪ್ಪಾ,

ಕಟಕಟೆಯಲ್ಲಿ ನಿಂತವನಂತೆ ತಪ್ಪೊಪ್ಪಿಕೊಳ್ಳುತ್ತೇನೆ: ನೀನು ತೀರಿಕೊಂಡ ಮೇಲೆ ನಿನ್ನ ಬಡಗಿ ಪೆಟ್ಟಿಗೆಯಿಂದ ಮರ ಉಜ್ಜುವ ಮರಳುಕಾಗದ ಕದ್ದವನು ನಾನೇ. "ನಿನ್ನ ಕೈಗೆ ಕೊಟ್ರೆ ಮರಾನೂ ಅಳುತ್ತೆ" ಅಂತಿದ್ದೆಯಲ್ಲ, ಈಗ ಬಂದು ನೋಡು! ನಮ್ಮ ಮನೆಯ ಹಳೇ ಮರದ ನೆಲವನ್ನು ಬಾಡಿಗೆ ಯಂತ್ರದಲ್ಲಿ ಉಜ್ಜಿ, ಮೂಲೆಗಳನ್ನು ಕೈಯಲ್ಲೇ ತಿಕ್ಕಿ, ವಾರ್ನಿಶ್ ಬಳಿದಾಯಿತು. ನನ್ನ ಬೋಳುತಲೆಗೂ ಪೈಪೋಟಿ ಕೊಡುವ ಹೊಳಪು! ಪಕ್ಕದ ಮನೆಯಾಕೆ ಚಪ್ಪಲಿ ಕೈಯಲ್ಲಿ ಹಿಡಿದು ಒಳಬಂದರು.

"ಯಾವ ಬಡಗೀನ ಕರೆಸಿದ್ರಿ?"

"ನಾನೇ ಮಾಡಿದ್ದು!" ಎಂದು ಎದೆಯುಬ್ಬಿಸಿದೆ. ನನ್ನವಳು ಕೆಮ್ಮಿದಳು.

ನಿನ್ನ ಹತ್ತಿರ ಮುಚ್ಚಿಡಲೇಕೆ? ತಿರುಗುತ್ತಿದ್ದ ಯಂತ್ರವನ್ನು ಒಂದೇ ಕಡೆ ಹಿಡಿದುಕೊಂಡು ನೆಲದಲ್ಲಿ ಗುಂಡಿಯನ್ನೇ ತೋಡಿಬಿಟ್ಟೆ. "ಬಿಡ್ರೀ, ಇಲ್ಲಿ ಕೊಡಿ" ಎಂದು ಅವಳು ಕಸಿದುಕೊಂಡಳು. ಮಿಕ್ಕಿದ್ದನ್ನೆಲ್ಲ ಮುಗಿಸಿದ್ದು, ನೀನು ಬದುಕಿರುವವರೆಗೂ ಹೊಸಿಲು ದಾಟಿ ಒಳಗೆ ಬಿಡದ ಆ ನಿನ್ನ ಸೊಸೆಯೇ. ನನ್ನ ಕೈಚಳಕದ ಮೇಲೆ ಸೋಫಾ ಇಟ್ಟಿದ್ದೇವೆ.