ನನ್ನ ಅವ್ವನ ಹಾಜರಿ ಯಾವಾಗ ಮುಗಿಯುತ್ತದೆ?

ಪೊಲೀಸ್ ವರಿಷ್ಠಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡಬೇಕಿತ್ತು. ಹೊಟ್ಟೆ ಉರಿಯುತ್ತಿದೆ, ಮರ್ಯಾದೆ ಆಮೇಲೆ ನೋಡೋಣ. ನರ್ಸ್ ಕೆಲಸಕ್ಕೆ ಆಯ್ಕೆಯಾದ ನನ್ನ ಮಗಳಿಗೆ ನಿಮ್ಮ ಇಲಾಖೆ ನಡತೆ ಪ್ರಮಾಣಪತ್ರ ನಿರಾಕರಿಸಿದೆ. ಕಾರಣ, ‘ಆಗಾಗ ತಲೆತಪ್ಪಿಸಿಕೊಳ್ಳುವ ಸ್ವಭಾವವೆಂದು ಮನೆಯವರ ಹೇಳಿಕೆಯಿಂದಲೇ ತಿಳಿದುಬಂದಿದೆ’. ಆ ಹೇಳಿಕೆ ಕೊಟ್ಟವಳು ಎಂಬತ್ತಾರು ವರ್ಷದ ನನ್ನ ಅವ್ವ.

ಹೊರದೇಶದ ದೊರೆಗಳು ಇಲ್ಲಿ ಆಳುತ್ತಿದ್ದಾಗ ನಮ್ಮವರ ಕಾಡು ಕಿತ್ತುಕೊಂಡರು. ಎದುರು ನಿಂತವರಿಗೆ ಗುಂಡಿಕ್ಕಿ, ಉಳಿದವರನ್ನು ‘ಹುಟ್ಟುಗಳ್ಳರು’ ಎಂದು ಬರೆದುಕೊಂಡು ಬೇಲಿಯೊಳಗೆ ಕೂಡಿದರು. ಅವ್ವ ಹುಟ್ಟಿದ್ದು ಆ ಬೇಲಿಯೊಳಗೆ. ದಿನಕ್ಕೆರಡು ಸಲ ಹಾಜರಿ. ಒಂದು ತಲೆ ಕಡಿಮೆಯಾದರೆ ಮನೆಮಂದಿಗೆಲ್ಲ ಚಾಟಿಯೇಟು. ಅದಕ್ಕೇ ಮನೆಯಲ್ಲಿ ಇಲ್ಲದವರ ಪರವಾಗಿ ಏನು ಹೇಳಬೇಕೆಂಬುದನ್ನು ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುತ್ತಿದ್ದರಂತೆ.

ವಿಚಾರಣೆಗೆ ನಿಮ್ಮ ಪೇದೆ ಬಂದಾಗ ನಾನು ಅಂಗಡಿಯಲ್ಲಿದ್ದೆ, ಮಗಳು ತರಬೇತಿಗೆ ಹೋಗಿದ್ದಳು. ಸಮವಸ್ತ್ರ ಕಂಡದ್ದೇ ತಡ, ಅವ್ವ ಊರುಗೋಲು ಬಿಟ್ಟು ಗೋಡೆಗೊತ್ತಿ ನಿಂತಳಂತೆ. ಅಡುಗೆಮನೆಯಿಂದ ಇದನ್ನೆಲ್ಲ ನೋಡಿ, ಕೇಳಿಸಿಕೊಂಡ ನನ್ನ ಹೆಂಡತಿ ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

“ಮೊಮ್ಮಗಳು ಎಲ್ಲಜ್ಜಿ?”

“ತಪ್ಪಿಸ್ಕೊಂಡಿಲ್ಲ ಸ್ವಾಮಿ! ಕತ್ತಲಾಗೋದ್ರೊಳಗೆ ಬಂದೇ ಬರ್ತಾಳೆ. ಈ ಸಲ ಹೊಡೀಬೇಡಿ.”

‘ಈ ಸಲ’ ಎಂದರೆ ಹಿಂದೆಯೂ ತಪ್ಪಿಸಿಕೊಂಡಿದ್ದಾಳೆ ಎಂದು ಬರೆದುಕೊಂಡ ಆ ಪೇದೆಯ ಚುರುಕುಬುದ್ಧಿಗೆ ದಯವಿಟ್ಟು ಬಡ್ತಿ ಕೊಡಿ. ಹಣ್ಣು ಮುದುಕಿಯೊಬ್ಬಳು ಹೊಡೀಬೇಡಿ ಎಂದು ಯಾಕೆ ಅಂಗಲಾಚಿದಳೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲವೇ? ಆತನ ವರದಿ ಓದಿ ಸಹಿ ಹಾಕಿದ ನಿಮಗೆ? ನಮ್ಮನ್ನು ಹುಟ್ಟುಗಳ್ಳರೆಂದ ಹಳೆಯ ಕಾನೂನು ರದ್ದಾಗಿದೆ ಎನ್ನುತ್ತೀರಿ. ಹಾಗಿದ್ದರೆ ಪೇಟೆಯಲ್ಲಿ ಒಂದು ಸೈಕಲ್ ಕಾಣೆಯಾದರೂ ನಿಮ್ಮ ಜೀಪು ನೆಟ್ಟಗೆ ನಮ್ಮ ಬೀದಿಗೇ ಏಕೆ ಬರುತ್ತದೆ?

ತನ್ನಿಂದಲೇ ಮೊಮ್ಮಗಳ ಕೆಲಸ ಹೋಯಿತೆಂದು ಗೊತ್ತಾದಾಗಿನಿಂದ ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ. “ನನ್ ಬಾಯಿಗೆ ಮಣ್ಣು ಹಾಕ” ಎಂದು ಅಳುತ್ತಾಳೆ. “ಬಿಡಜ್ಜಿ, ನಿಂದೇನಿದೆ ತಪ್ಪು” ಎಂದು ಮಗಳು ಅವಳ ಕಾಲು ಒತ್ತುತ್ತಾ ಕೂರುತ್ತಾಳೆ. ನನಗೆ ನೋಡಲಾಗುವುದಿಲ್ಲ, ಸ್ವಾಮಿ.

ಕೆಲಸಕ್ಕೆ ಸೇರಲು ಇನ್ನು ಹತ್ತೇ ದಿನದ ಗಡುವು. ಪ್ರಮಾಣಪತ್ರ ಕೊಡಿ, ಉಪಕಾರವೆಂದು ಕೊಡಬೇಡಿ. ಇನ್ನೊಂದು, ಸಮವಸ್ತ್ರ ತೊಟ್ಟು ನೀವೇ ನಮ್ಮ ಮನೆಗೆ ಬನ್ನಿ. ನಾನು ಹೇಳಿ ಹೇಳಿ ಸೋತಿದ್ದೇನೆ, ಬೇರೆ ಬಟ್ಟೆಯವರ ಮಾತನ್ನು ಅವ್ವ ನಂಬುವುದಿಲ್ಲ. ಅವಳನ್ನು ಕೂರಿಸಿ, ಹಾಜರಿ ಮುಗಿಯಿತೆಂದು ಹೇಳಿ. ಇಷ್ಟು ವರ್ಷಗಳಲ್ಲಿ ನಿಮ್ಮವರು ಯಾರೂ ಬಂದು ಅವಳಿಗೆ ಆ ಮಾತು ಹೇಳಿಲ್ಲ.

ಇಂತಿ,
ಬೀಗ ಕೆಟ್ಟಾಗ ಪೇಟೆಯ ಜನ ನಂಬಿ ಮನೆಯೊಳಕ್ಕೆ ಕರೆಯುವ,
ನಿಮ್ಮ ಲೆಕ್ಕದಲ್ಲಿ ಮಾತ್ರ ಹುಟ್ಟುಗಳ್ಳನಾದ ಒಬ್ಬ ರಿಪೇರಿಯವ