ಹಾಳೆಯಲ್ಲಿ ಮೊದಲೇ ಬರೆದಿದ್ದ ಒನ್ಸ್‌ಮೋರ್

ದೀಪದ ಕೋಣೆ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಸಿಳ್ಳೆಗೆ ಅಣ್ಣನ ಆಶೀರ್ವಾದಗಳು.

ಸಭಾಂಗಣದ ದೀಪ ಹತ್ತಿದ ಕಥೆಯನ್ನು ನಿನಗೆ ಮೊದಲು ಹೇಳಿದವನು ಪರದೆ ಎಳೆಯುವ ದಾರದ ಮಾವ, ಭಾನುವಾರ ಸಂಜೆ ಆರೂವರೆಗೆ, ನಿನ್ನ ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತು. "ಮೇಲೆ ಸ್ವಿಚ್ಚು ಕೆಟ್ಟಿತ್ತು ಕಣಮ್ಮಾ, ದೀಪ ತಾನಾಗೇ ಹತ್ಕೊಂಡ್ಬಿಡ್ತು" ಅಂದನಲ್ಲ, ಅದು ಸುಳ್ಳು. ಪಾಪ, ಅವನದೇನೂ ತಪ್ಪಿಲ್ಲ. ಹಾಗೆ ಹೇಳು ಅಂತ ಕಳಿಸಿದವನು ನಾನು. ದೀಪ ಹಾಕಿದವನೂ ನಾನೇ.

ತಡಿ, ಕಾಗದ ಹರಿಯಬೇಡ. ನೀನು ನನ್ನ ಫೋನ್ ಎತ್ತುತ್ತಿಲ್ಲ, ಬಾಗಿಲು ತೆಗೆಯುವುದು ನಿನ್ನ ಅತ್ತಿಗೆಗೆ ಮಾತ್ರ. ಇದನ್ನು ತಲುಪಿಸುತ್ತೀಯಾ ಅಂತ ಕೇಳಿದ್ದಕ್ಕೇ ಅವಳು, "ನಿಮಗೆ ಸಂಬಳ ಕೊಡೋದು ದೀಪ ಹಚ್ಚೋಕೆ ಕಣ್ರೀ, ತಂಗಿ ಮುಖ ಕತ್ತಲು ಮಾಡೋಕಲ್ಲ" ಅಂದಳು. ಈ ಶುಕ್ರವಾರದ ವಿಶೇಷ ಕಾರ್ಯಕ್ರಮದಲ್ಲಿ ಹಾಡುವುದಿಲ್ಲ, ಇನ್ನು ವೇದಿಕೆ ಹತ್ತುವುದೇ ಇಲ್ಲ ಅಂತ ನೀನು ಮ್ಯಾನೇಜರಿಗೆ ಬರೆದುಕೊಟ್ಟಿದ್ದೀಯಂತೆ. ಜನಕ್ಕೆ ನೀನು ಬೇಡವಾದೆ ಅಂತ ನೀನು ತಿಳಿದಿದ್ದೀಯ. ಅದು ಹಾಗಲ್ಲ ಅಂತ ಹೇಳಬೇಕಾದವನು ನಾನೊಬ್ಬನೇ.

ಪ್ರತಿ ಭಾನುವಾರ ಮ್ಯಾನೇಜರು ನನ್ನ ಕೈಗೊಂದು ಹಾಳೆ ಕೊಡುತ್ತಾರೆ. ಒಂದನೇ ಹಾಡಿಗೆ ನೀಲಿ ಬೆಳಕು, ಎರಡನೆಯದಕ್ಕೆ ಹಳದಿ, ಹೀಗೆ. ಹತ್ತನೇ ಹಾಡಿನ ಕೆಳಗೆ ಟೈಪ್ ಮಾಡಿರುತ್ತದೆ: 'ಗಾಯಕಿ ಒಳಗೆ. ವೇದಿಕೆ ಕತ್ತಲು. ಸಭಾಂಗಣದ ದೀಪ ಹಾಕಕೂಡದು. ನಲವತ್ತು ಎಣಿಸುವುದು. ಒನ್ಸ್‌ಮೋರ್.' ಜನ ಇನ್ನೂ ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾರೆ, ಆಗಲೇ ಇಲ್ಲಿ ಅವರು ಒನ್ಸ್‌ಮೋರ್ ಕೇಳಿಯಾಗಿದೆ! ನೀನು ಪರದೆಯ ಮರೆಯಲ್ಲಿ ನೀರು ಕುಡಿಯುತ್ತೀಯ. ಮೂವತ್ತೆಂಟಕ್ಕೆ ಲೋಟ ಕೆಳಗಿಡುತ್ತೀಯ. ನಲವತ್ತಕ್ಕೆ ಎದೆಯ ಮೇಲೆ ಕೈಯಿಟ್ಟುಕೊಂಡು ಬಂದು, "ಅಯ್ಯೋ, ನಿಮ್ಮ ಪ್ರೀತಿಗೆ ನಾನೇನು ಹೇಳಲಿ" ಅನ್ನುತ್ತೀಯ. ಈ ಚಳಿಗಾಲದಲ್ಲಿ ಹತ್ತು ಭಾನುವಾರ, ಹತ್ತು ಸಲವೂ ಅದೇ ಅಯ್ಯೋ.

ಆಮೇಲೆ ಹಾಡುವುದು ಯಾವುದನ್ನ? ಯಾವ ಹಾಡಿಗಾಗಿ ಜನ ಟಿಕೆಟ್ ಕೊಂಡು ಬಂದಿದ್ದಾರೋ ಅದನ್ನ. ನಾನು ಜಗಳ ತೆಗೆದೆ, ನೆನಪಿದೆಯಾ? ಊಟಕ್ಕೆ ಕರೆದು, ಅರ್ಧ ಅಡುಗೆ ಅಟ್ಟದ ಮೇಲೆ ಬಚ್ಚಿಟ್ಟು, ಅತಿಥಿಗಳು ಗೋಗರೆದ ಮೇಲೆ ಇಳಿಸಿದ ಹಾಗಾಯಿತಲ್ಲೇ ಅಂದೆ. ನೀನು ಕನ್ನಡಿಯಲ್ಲೇ ನನ್ನನ್ನು ನೋಡಿ, "ಅಣ್ಣಾ, ಅವರಿಗೆ ಕೇಳೋ ಖುಷಿ, ನನಗೆ ಕೊಡೋ ಖುಷಿ. ಮಧ್ಯೆ ನಿನಗ್ಯಾಕೆ ಹೊಟ್ಟೆನೋವು?" ಅಂದೆ. "ನಾನು ಗಳಿಸಿದ್ದು ಅದು. ಕತ್ತಲಲ್ಲಿ ಅಷ್ಟು ಹೊತ್ತು ಚಪ್ಪಾಳೆ ಸುಮ್ಮನೆ ತಟ್ತಾರಾ?"

ಆ ಮಾತು ಒಂದು ವಾರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡಿತು. ಸುಮ್ಮನೆ ತಟ್ಟುತ್ತಾರೋ ಇಲ್ಲವೋ, ನೋಡೇಬಿಡೋಣ ಅಂತ ಈ ಭಾನುವಾರ ಹದಿನೈದು ಎಣಿಸಿ ಸಭಾಂಗಣದ ದೀಪದ ಗುಂಡಿ ಒತ್ತಿದೆ.

ಮೇಲಿನಿಂದ ಎಲ್ಲ ಕಂಡಿತು. ಚಪ್ಪಾಳೆ ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಮೊದಲ ಸಾಲಿನಲ್ಲಿ ತಟ್ಟುತ್ತಿದ್ದ ದಪ್ಪನೆಯವರ ಕೈ ಹಾಗೇ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿತು. ಎಲ್ಲರೂ ಎದ್ದರು. ಕುರ್ಚಿಗಳ ಸದ್ದನ್ನೇ ಚಪ್ಪಾಳೆ ಅಂದುಕೊಂಡೆಯೋ ಏನೋ, ಒಳಗಿದ್ದ ನಿನಗೆ ತಿಳಿಯಲಿಲ್ಲ. ನೀನು ಲೆಕ್ಕ ತಪ್ಪದೆ ನಲವತ್ತಕ್ಕೆ ಎದೆಯ ಮೇಲೆ ಕೈಯಿಟ್ಟು ಬಂದೆ. ಎದುರಿಗೆ ಇದ್ದದ್ದು ನಾನೂರು ಬೆನ್ನು. "ಅಯ್ಯೋ" ಅಂದೆ. ಹಾಗೇ ತಿರುಗಿ ಒಳಗೆ ನಡೆದೆ.

ಗೆದ್ದೆ ಅಂತ ಕೈ ಉಜ್ಜಿಕೊಳ್ಳಬೇಕಿತ್ತು ನಾನು. ಅದಾಗಲಿಲ್ಲ. ಎರಡು ದಿನದಿಂದ ನನ್ನ ಮೇಲೆ ನನಗೇ ಎಂಥ ಸಿಟ್ಟು ಅಂದರೆ, ಬಲ್ಬು ಒರೆಸುತ್ತ ಎರಡನ್ನು ಒಡೆದೆ. ಯಾಕೆ ಗೊತ್ತಾ? ನನ್ನ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಕತ್ತಲೆ ಇದ್ದರೆ ಜನ ಕೂತು ತಟ್ಟುತ್ತಾರೆ, ಬೆಳಕಾದರೆ ಎದ್ದು ಹೋಗುತ್ತಾರೆ. ಎರಡನ್ನೂ ಮಾಡಿಸಿದ್ದು ನನ್ನ ಬೆರಳು. ಆ ಚಪ್ಪಾಳೆ ನಿನ್ನ ಗಳಿಕೆ ಅಲ್ಲ, ಒಪ್ಪು. ಆದರೆ ಆ ಬೆನ್ನುಗಳೂ ನಿನ್ನ ಗಳಿಕೆ ಅಲ್ಲ ಕಣೇ! ನೀನು ಮೊದಲನೆಯದನ್ನು ನಂಬಿ ಉಬ್ಬಿದೆ, ಎರಡನೆಯದನ್ನು ನಂಬಿ ಬಾಗಿಲು ಹಾಕಿಕೊಂಡೆ. ಇಬ್ಬರೂ ಸೇರಿ ಎಂಥ ಪೆದ್ದು ಕೆಲಸ ಮಾಡಿದೆವು!

ಮ್ಯಾನೇಜರಿಗೆ ಇವತ್ತು ನಿಜ ಹೇಳಿದೆ. "ಇನ್ನೊಂದ್ಸಲ ಹಾಳೆ ಬಿಟ್ಟು ಬೆರಳಾಡಿಸಿದ್ರೆ ಗೇಟ್ ಕಾಯೋಕೆ ನಿಲ್ಲಿಸ್ತೀನಿ" ಅಂದರು. ನಿಲ್ಲಿಸಲಿ. ನಿನಗೆ ಹೇಳುವುದಿಷ್ಟೆ: ಶುಕ್ರವಾರ ಬಾ. ಆ ಹಾಡನ್ನು ಬಚ್ಚಿಡಬೇಡ, ನಡುವೆಯೇ ಹಾಡು. ಹತ್ತು ಮುಗಿದ ಕೂಡಲೇ ಕೈಮುಗಿ, ನಾನು ದೀಪ ಹಾಕುತ್ತೇನೆ, ಈ ಸಲ ನಿನಗೆ ಹೇಳಿ. ಹೋಗುವವರು ಹೋಗಲಿ. ಬೆಳಕಲ್ಲೂ ಕೂತವರು ಯಾರಾದರೂ ಇದ್ದರೆ ಅವರಿಗೆ ಹಾಡು. ಒಬ್ಬರೂ ಇರದಿದ್ದರೆ ಕೆಳಗಿಳಿದು ಬಂದು ನಾನು ಕೂರುತ್ತೇನೆ.

ನಿನ್ನ ಮೇಲೆ ಸಿಟ್ಟು ಇನ್ನೂ ಇಳಿಯದ, ಆದರೂ ನಿನ್ನ
ಅಣ್ಣ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ನನ್ನ ಮರ್ಯಾದೆಯ ಪ್ರಶ್ನೆ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ನಾನು ಕೆಲಸಕ್ಕೆ ಬಂದಾಗ ಮೆಟ್ಟಿಲ ಮೇಲೆ ಮೂವರು ಕಾದಿದ್ದರು. ಗಡಿಯಾರ ರಿಪೇರಿ ಮಾಡುವವರು, ಅವರ ಹೆಂಡತಿ, ಡ್ಯೂಟಿಗೆ ಹೊರಟಿದ್ದ ಒಬ್ಬ ನರ್ಸಮ್ಮ. ಹಿಂದಿನ ದಿನ ಅಕ್ಕಪಕ್ಕ ಕೂತು ಕೇಳಿದವರಂತೆ. ಬಚ್ಚಿಟ್ಟ ಹಾಡು ತಪ್ಪಿತು ಅಂತ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅದರ ಸುದ್ದಿಯನ್ನೇ ಅವರು ಎತ್ತಲಿಲ್ಲ. ನೀನು ಆರನೆಯದಾಗಿ ಹಾಡುತ್ತೀಯಲ್ಲ, ಹಿಂಡಿ ಹಾಕಿದ ಸೀರೆಯ ಹಾಡು, ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲವಲ್ಲ, ಅದರ ಸಾಲು ಬರೆದುಕೊಳ್ಳಬೇಕಿತ್ತಂತೆ. "ಗಾಯಕಿ ಅಣ್ಣ ನೀವೇ ಅಲ್ವಾ, ನಿಮಗೆ ಬರುತ್ತೆ ಬಿಡಿ" ಅಂದಳು ನರ್ಸಮ್ಮ. ಹನ್ನೊಂದು ಸಲ ಆ ಹಾಡಿಗೆ ನಸುಗೆಂಪು ಬೆಳಕು ಬಿಟ್ಟವನು ನಾನು. ಮೊದಲ ಸಾಲು ಹೇಳಿದೆ. ಎರಡನೆಯದು ಬರಲಿಲ್ಲ, ಸಿಳ್ಳೆ. ಬೆಳಕು ನೋಡುತ್ತ ಕೂತವನು ಒಂದು ಸಲವೂ ಕೇಳಿರಲಿಲ್ಲ.

ಅವರು ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಶುರು ಮಾಡಿದರು. ಒಬ್ಬರಿಗೆ ಒಂದು ಸಾಲು ನೆನಪಿತ್ತು, ಇನ್ನೊಬ್ಬರಿಗೆ ಅರ್ಧ. ಬಾರದ ಕಡೆ ಗಡಿಯಾರದವರು ಬರೀ ಗುನುಗಿದರು. ಹೇಗೋ ಕೊನೆ ಮುಟ್ಟಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನರ್ಸಮ್ಮ ಗಡಿಯಾರ ನೋಡಿಕೊಂಡಳು, ಚೀಲ ಹೆಗಲಿಗೇರಿಸಿದಳು, ಮತ್ತೆ ಕೆಳಗಿಟ್ಟಳು. ಮೂವರೂ ಅದನ್ನು ಮೊದಲಿನಿಂದ ಇನ್ನೊಮ್ಮೆ ಹಾಡಿದರು.